ಒಂದು ಊರು, ನಾಲ್ಕು ನುಡಿ

ಪ್ರಪಂಚದಲ್ಲಿ ಇಂದು ಸುಮಾರು 7,000 ಭಾಷೆಗಳು ಬಳಕೆಯಲ್ಲಿವೆಯೆಂಬುದು ಭಾಷಾವಿಜ್ಞಾನಿಗಳ ಎಣಿಕೆ. ರಾಷ್ಟ್ರಗಳ ಸಂಖ್ಯೆಯಾದರೋ 200ರ ಆಸುಪಾಸಿನಲ್ಲಿದೆ. ಈ ಎರಡು ಅಂಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಒಂದು ರಾಜ್ಯಕ್ಕೆ ಒಂದೇ ಭಾಷೆ, ಒಬ್ಬ ಮನುಷ್ಯನಿಗೆ ಒಂದೇ ನುಡಿ ಎಂಬ ಕಲ್ಪನೆಯು ಲೋಕದ ವಾಸ್ತವಸ್ಥಿತಿಗೆ ಎಷ್ಟು ದೂರವಾದುದೆಂಬುದು ವೇದ್ಯವಾಗುತ್ತದೆ. ಭೂಮಂಡಲದ ಬಹುಭಾಗದಲ್ಲಿ ಜನರು ಎರಡು ಮೂರು ಭಾಷೆಗಳ ನಡುವೆಯೇ ಹುಟ್ಟಿ, ಅವುಗಳಲ್ಲಿಯೇ ಬೆಳೆದು, ವ್ಯವಹರಿಸಿ ಬಾಳುತ್ತಾರೆ. ಹಾಗೆ ಬಾಳುವವರಿಗೆ ಅದೊಂದು ವಿಶೇಷವೆಂದು ತೋರುವುದೂ ಇಲ್ಲ.

ಆದರೆ ಭಾಷೆಗಳ ಶಾಸ್ತ್ರೀಯ ಅಧ್ಯಯನವು ಪ್ರಾರಂಭವಾದುದು ಈ ನಿತ್ಯಜೀವನದ ನೋಟದಿಂದಲ್ಲ, ವಂಶವೃಕ್ಷದ ನೋಟದಿಂದ. 1786ರಲ್ಲಿ ಸರ್ ವಿಲಿಯಂ ಜೋನ್ಸ್ ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸೂಚಿಸಿದರು. 1816ರಲ್ಲಿ ಮದ್ರಾಸಿನ ಫ್ರಾನ್ಸಿಸ್ ವೈಟ್ ಎಲಿಸ್ ತಮಿಳು, ತೆಲುಗು, ಕನ್ನಡ ಮೊದಲಾದವು ಸಂಸ್ಕೃತಜನ್ಯವಲ್ಲ, ಅವುಗಳದೇ ಬೇರೊಂದು ಕುಲವಿದೆಯೆಂದು ತೋರಿಸಿಕೊಟ್ಟರು. 1856ರಲ್ಲಿ ಹೊರಬಂದ ಬಿಷಪ್ ಕಾಲ್ಡ್‌ವೆಲ್ಲರ ಗ್ರಂಥದಿಂದ ದ್ರಾವಿಡ ಕುಟುಂಬವೆಂಬ ಹೆಸರು ನೆಲೆನಿಂತಿತು. ಈ ಪರಂಪರೆಯ ವಿದ್ವಾಂಸರಿಗೆ ಮುಖ್ಯವಾದುದು ಯಾವ ಭಾಷೆ ಯಾವುದರ ಮಗಳು, ಯಾವುದರ ಸೋದರಿ ಎಂಬ ಪ್ರಶ್ನೆ. ಪಕ್ಕದ ಮನೆಯ ಭಾಷೆಯಿಂದ ಬಂದುದೆಲ್ಲ ಅವರ ದೃಷ್ಟಿಯಲ್ಲಿ ಕಾಳಿನಲ್ಲಿ ಸೇರಿದ ಹೊಟ್ಟು. ಕೇರಿ ತೂರಿ ಬೇರ್ಪಡಿಸಿದ ಮೇಲೆಯೇ ಶುದ್ಧರೂಪ ಸಿಕ್ಕೀತೆಂದು ಅವರು ತಿಳಿದಿದ್ದರು. ಈ ಶ್ರಮದಿಂದ ಬಂದ ಫಲ ಸಾಮಾನ್ಯವಾದುದಲ್ಲ. ಆದರೂ ಆ ಹೊಟ್ಟಿನಲ್ಲಿಯೇ ಒಂದು ಸತ್ಯವಡಗಿದೆಯೆಂಬುದನ್ನು ಗುರುತಿಸಲು ಇನ್ನೂ ನೂರು ವರ್ಷ ಬೇಕಾಯಿತು.

ತೋಡ, ಕೋತ, ಬಡಗ, ಕೊಡವ, ಕೋಲಾಮಿ ಭಾಷೆಗಳನ್ನು ಆಯಾ ಜನರ ಬಾಯಿಂದಲೇ ಕೇಳಿ ಬರೆದುಕೊಂಡ ಮರ್ರೆ ಎಮೆನೋ ಎಂಬ ಕೆನಡಾ ಸಂಜಾತ ವಿದ್ವಾಂಸರು 1956ರಲ್ಲಿ ಭಾರತವನ್ನು ಒಂದು ‘ಭಾಷಾವಲಯ’ವೆಂದು ಕರೆದರು. ಬೇರೆ ಬೇರೆ ಕುಲಗಳಿಗೆ ಸೇರಿದ ಭಾಷೆಗಳು ಶತಮಾನಗಳ ಸಹವಾಸದಿಂದ ಒಂದರ ಲಕ್ಷಣಗಳನ್ನು ಇನ್ನೊಂದು ಪಡೆದು, ರಕ್ತಸಂಬಂಧವಿಲ್ಲದೆಯೂ ಹೋಲುವಂತಾಗುತ್ತವೆ ಎಂಬುದು ಅವರ ಮಾತಿನ ತಾತ್ಪರ್ಯ. ‘ಅಣ್ಣ ಊರಿಗೆ ಹೋಗಿ ಬಂದ’ ಎಂಬ ಸರಳವಾಕ್ಯವನ್ನೇ ನೋಡಬಹುದು. ಮರಾಠಿಯಲ್ಲಿ ‘ಅಣ್ಣಾ ಗಾವಾಲಾ ಜಾಊನ್ ಆಲಾ’. ಹಿಂದಿಯಲ್ಲಿ ‘ಭಾಈ ಗಾಂವ್ ಜಾಕರ್ ಆಯಾ’. ಕನ್ನಡವು ದ್ರಾವಿಡ, ಉಳಿದೆರಡು ಆರ್ಯಭಾಷೆಗಳು. ಆದರೂ ‘ಹೋಗಿ’ ಎಂಬ ಅಪೂರ್ಣಕ್ರಿಯೆಯನ್ನು ಮೊದಲಿಟ್ಟು ಪೂರ್ಣಕ್ರಿಯೆಯಿಂದ ವಾಕ್ಯವನ್ನು ಮುಗಿಸುವ ಕ್ರಮ ಮೂರರಲ್ಲಿಯೂ ಒಂದೇ. ಹಿಂದಿ, ಮರಾಠಿಗಳಿಗೆ ದೂರದ ದಾಯಾದಿಯೇ ಆಗಿರುವ ಇಂಗ್ಲಿಷಿನಲ್ಲಿ ಹೀಗೆ ಹೇಳುವ ರೂಢಿಯಿಲ್ಲ. ನೆಂಟಸ್ತನಕ್ಕಿಂತ ನೆರೆಹೊರೆ ಬಲವಾದುದಕ್ಕೆ ಇದೊಂದು ನಿದರ್ಶನ.

ಎಮೆನೋ ಅವರು ಇಡೀ ದೇಶದ ಮಟ್ಟದಲ್ಲಿ ಕಂಡುದನ್ನು ಒಂದೇ ಗ್ರಾಮದ ಅಗಸೆಯೊಳಗೆ ಕಂಡು ತೋರಿಸಿದವರು ಜಾನ್ ಗಂಪರ್ಜ್. ಅವರ ಜೀವನವೂ ಒಂದು ಬಗೆಯ ಭಾಷಾಯಾತ್ರೆಯೇ. 1922ರಲ್ಲಿ ಜರ್ಮನಿಯ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿ, ಹಿಟ್ಲರನ ಆಳ್ವಿಕೆಯಲ್ಲಿ ದೇಶ ಬಿಟ್ಟು, 1939ರಲ್ಲಿ ಅಮೆರಿಕವನ್ನು ಸೇರಿದರು. ಮೊದಲು ಓದಿದುದು ರಸಾಯನಶಾಸ್ತ್ರ. ಅನಂತರ ಭಾಷೆಯ ಕಡೆಗೆ ಹೊರಳಿ, ಮಿಷಿಗನ್ ಪ್ರಾಂತದಲ್ಲಿ ನೆಲೆಸಿದ್ದ ಜರ್ಮನ್ ಒಕ್ಕಲುಮಕ್ಕಳ ಆಡುನುಡಿಯ ಮೇಲೆ ಪ್ರಬಂಧ ಬರೆದು 1954ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಭಾರತಕ್ಕೆ ಬಂದು ಉತ್ತರ ಪ್ರದೇಶದ ಸಹಾರನಪುರ ಜಿಲ್ಲೆಯ ಖಾಲಾಪುರ ಗ್ರಾಮದಲ್ಲಿ ಅಭ್ಯಾಸ ನಡೆಸಿದರು. 1958ರಲ್ಲಿ ಪ್ರಕಟವಾದ ಆ ಅಧ್ಯಯನದ ನಿರ್ಣಯ ವಿಚಾರಯೋಗ್ಯವಾಗಿದೆ. ಅಸ್ಪೃಶ್ಯರೆನಿಸಿದವರು ದಿನವಿಡೀ ಮೇಲ್ಜಾತಿಯವರ ಹೊಲಮನೆಗಳಲ್ಲಿ ದುಡಿಯುತ್ತಿದ್ದರೂ ಅವರ ನುಡಿ ಮೇಲ್ಜಾತಿಯ ನುಡಿಯೊಡನೆ ಒಂದಾಗಿರಲಿಲ್ಲ. ಕೆಲಸದ ಸಂಪರ್ಕ ಮಾತ್ರದಿಂದ ಮಾತು ಬೆರೆಯದು. ಕಟ್ಟೆಯ ಮೇಲೆ ಸಮಸಮವಾಗಿ ಕುಳಿತು ಹರಟುವ ಸ್ನೇಹವಿದ್ದಾಗ ಬೆರೆಯುತ್ತದೆ ಎಂದು ಅವರು ಕಂಡುಕೊಂಡರು. ಜಾತಿಯು ಬಾವಿಯನ್ನಷ್ಟೇ ಅಲ್ಲ, ಸ್ವರವ್ಯಂಜನಗಳನ್ನೂ ಬೇರ್ಪಡಿಸಬಲ್ಲುದೆಂದಾಯಿತು.

ಇದೇ ಕಾಲದಲ್ಲಿ ಕನ್ನಡದ ಆಡುನುಡಿಯೂ ವಿದ್ವಾಂಸರ ಗಮನಕ್ಕೆ ಬಂದಿತು. ವಿಲಿಯಂ ಬ್ರೈಟ್ ಅವರ ಆಡುಗನ್ನಡದ ವ್ಯಾಕರಣವನ್ನು ಪುಣೆಯ ಡೆಕ್ಕನ್ ಕಾಲೇಜು 1958ರಲ್ಲಿ ಪ್ರಕಟಿಸಿತು. ಧಾರವಾಡದ ಕನ್ನಡದಲ್ಲಿರುವ ಸಾಮಾಜಿಕ ಉಪಭಾಷೆಗಳನ್ನು ಕುರಿತು ವಿಲಿಯಂ ಮೆಕಾರ್ಮಕ್ 1960ರಲ್ಲಿ ಬರೆದರು. ಲಿಂಗಾಯತ ಸಮಾಜವನ್ನು ಕುರಿತೂ ಲೇಖನ ಬರೆದ ವಿದ್ವಾಂಸರಿವರು. ವ್ಯಾಕರಣವೆಂದರೆ ಕೇಶಿರಾಜ, ಭಟ್ಟಾಕಳಂಕರೆಂದೇ ತಿಳಿದಿದ್ದ ಪಂಡಿತಮಂಡಲಿಗೆ, ಸಂತೆಯ ಮಾತಿಗೂ ವ್ಯಾಕರಣವುಂಟೆಂಬ ಸಂಗತಿ ಅಷ್ಟು ಸುಲಭವಾಗಿ ಒಪ್ಪಿಗೆಯಾಗುವಂತಿರಲಿಲ್ಲ. ಕನ್ನಡವು ಸೀಮೆಸೀಮೆಗೆ ಬೇರೆಬೇರೆಯಾಗಿರುವುದನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಗಮನಿಸಿತ್ತೆಂಬುದು ಬೇರೆಯ ಮಾತು.

ಗಂಪರ್ಜ್ ಅವರು ರಾಬರ್ಟ್ ವಿಲ್ಸನ್ ಎಂಬ ಸಹೋದ್ಯೋಗಿಯೊಡನೆ ಬರೆದು 1971ರಲ್ಲಿ ಪ್ರಕಟಿಸಿದ ಲೇಖನದ ವಸ್ತು ಕುಪವಾಡ. ಇದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ಹತ್ತಿರವಾಗಿದೆ. ಅಧ್ಯಯನದ ಕಾಲಕ್ಕೆ ಸುಮಾರು 3,000 ಜನಸಂಖ್ಯೆಯುಳ್ಳ ಹಳ್ಳಿ. ಅಲ್ಲಿ ಹೆಚ್ಚಿನ ಭೂಮಿಯ ಒಡೆಯರಾದ ಜೈನರ ಮನೆಮಾತು ಕನ್ನಡ. ಬಹುಮಟ್ಟಿಗೆ ಕಸಬುದಾರರಾದ ಲಿಂಗಾಯತರ ಮನೆಮಾತೂ ಕನ್ನಡವೇ. ಮುಸಲ್ಮಾನರಲ್ಲಿಯೂ ಭೂಹಿಡುವಳಿದಾರರಿದ್ದು ಅವರ ಮನೆಯಲ್ಲಿ ಉರ್ದು. ದಲಿತರೂ ಭೂಮಿಯಿಲ್ಲದ ಕೂಲಿಕಾರರೂ ಆಡುತ್ತಿದ್ದುದು ಮರಾಠಿ. ಹಗ್ಗ ಹೊಸೆಯುವ ಕೆಲವು ಮನೆತನಗಳು ತೆಲುಗು ಮಾತಾಡುತ್ತಿದ್ದವು. ಕನ್ನಡ ಮರಾಠಿಗಳು ಆ ಸೀಮೆಯಲ್ಲಿ ಜೊತೆಗೂಡಿ ಆರು ಶತಮಾನಗಳಿಗೂ ಹೆಚ್ಚು ಕಾಲವಾಗಿತ್ತು. ಉರ್ದು ಬಂದು ಮೂರು ನಾಲ್ಕು ಶತಮಾನಗಳಾಗಿದ್ದವು. ಬಸವಣ್ಣನವರು ಬಿಜ್ಜಳನ ಸೇವೆಯಲ್ಲಿದ್ದ ಮಂಗಳವೇಡೆ, ಸಿದ್ಧರಾಮೇಶ್ವರರ ಸೊನ್ನಲಿಗೆಯಾದ ಸೊಲ್ಲಾಪುರ, ಇವೆರಡೂ ಇಂದು ಮಹಾರಾಷ್ಟ್ರದಲ್ಲಿವೆಯೆಂಬುದನ್ನು ನೆನೆದರೆ ಆ ಭಾಗದಲ್ಲಿ ಕನ್ನಡದ ಬೇರು ಎಷ್ಟು ಆಳಕ್ಕಿಳಿದಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗದು.

ಕುಪವಾಡದ ಗಂಡಸರಲ್ಲಿ ಬಹುತೇಕ ಎಲ್ಲರೂ ಎರಡು ಅಥವಾ ಹೆಚ್ಚಿನ ಭಾಷೆಗಳನ್ನು ಬಲ್ಲವರಾಗಿದ್ದರು. ಒಂದೇ ದಿನದಲ್ಲಿ, ಒಂದೇ ಕಟ್ಟೆಯ ಮೇಲೆ, ಭಾಷೆಯಿಂದ ಭಾಷೆಗೆ ದಾಟುವುದು ಅವರಿಗೆ ಉಸಿರಾಡಿದಷ್ಟು ಸಹಜ. ಇಂಥ ಜನರ ಬಾಯಲ್ಲಿ ಆ ಭಾಷೆಗಳೇ ಏನಾಗಿವೆ ಎಂಬುದು ಸಂಶೋಧಕರ ಪ್ರಶ್ನೆ. ಅವರ ವಿಧಾನ ಅತ್ಯಂತ ಸರಳವಾದುದು. ಒಂದೇ ಅರ್ಥದ ವಾಕ್ಯವನ್ನು ಊರಿನ ಕನ್ನಡ, ಮರಾಠಿ, ಉರ್ದುಗಳಲ್ಲಿ ಪಡೆದು, ಒಂದರ ಕೆಳಗೊಂದನ್ನು ಬರೆದು, ಪದಕ್ಕೆ ಪದವನ್ನೂ ಪ್ರತ್ಯಯಕ್ಕೆ ಪ್ರತ್ಯಯವನ್ನೂ ಹೊಂದಿಸಿ ನೋಡುವುದು. ಸ್ವಲ್ಪ ಸೊಪ್ಪು ಕೊಯ್ದು ತೆಗೆದುಕೊಂಡು ಬಂದೆನೆಂಬ ಅರ್ಥದ ಒಂದು ವಾಕ್ಯ ಈ ಲೇಖನದಿಂದಾಗಿ ಪ್ರಪಂಚದ ಭಾಷಾವಿಜ್ಞಾನದ ಪಠ್ಯಪುಸ್ತಕಗಳಲ್ಲೆಲ್ಲ ಹೆಸರಾಗಿದೆ. ಮೂರು ಸಾಲುಗಳೂ ಮೆಟ್ಟಿಲಿಗೆ ಮೆಟ್ಟಿಲು ಕೂಡುವಂತೆ ಕೂಡುತ್ತವೆ. ಶಬ್ದಗಳು ಬೇರೆ, ಅಚ್ಚು ಒಂದೇ. ಊರಿನವನು ಭಾಷೆ ಬದಲಿಸುವಾಗ ವಾಕ್ಯದ ಕಟ್ಟಡವನ್ನು ಬದಲಿಸಬೇಕಾಗಿಲ್ಲ. ಒಂದೊಂದು ಕಲ್ಲನ್ನು ತೆಗೆದು ಅದೇ ಸ್ಥಳದಲ್ಲಿ ಇನ್ನೊಂದನ್ನು ಇಟ್ಟರೆ ಸಾಕು.

ಅಪೂರ್ಣಕ್ರಿಯೆಯ ಈ ಹೊಂದಾಣಿಕೆ ದೇಶದ ಬಹುಭಾಗದಲ್ಲಿ ಕಾಣುವಂಥದೇ. ಕುಪವಾಡದ ವೈಶಿಷ್ಟ್ಯವು ಸ್ಪಷ್ಟವಾಗುವುದು ಲಿಂಗವಿಚಾರದಲ್ಲಿ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದುದೆಲ್ಲ ನಪುಂಸಕ. ನದಿ ಬಂತು, ಗುಡ್ಡ ಕುಸಿಯಿತು, ಮರ ಬಿತ್ತು. ಮರಾಠಿಯಲ್ಲಿ ಹಾಗಲ್ಲ. ನದಿಯು ಸ್ತ್ರೀಲಿಂಗ, ಗುಡ್ಡವೆಂಬರ್ಥದ ‘ಡೋಂಗರ್’ ಪುಲ್ಲಿಂಗ, ಮರವೆಂಬರ್ಥದ ‘ಝಾಡ’ ನಪುಂಸಕ. ಉರ್ದುವಿನಲ್ಲಿ ನಪುಂಸಕವೇ ಇಲ್ಲದೆ, ನಿರ್ಜೀವ ವಸ್ತುಗಳೂ ಗಂಡು ಅಥವಾ ಹೆಣ್ಣಾಗಿಯೇ ನಡೆಯಬೇಕು. ಕುಪವಾಡದಲ್ಲಾದರೋ ಮರಾಠಿಯು ಕನ್ನಡದ ನಿಯಮಕ್ಕೆ ಒಲಿದು, ಮನುಷ್ಯರಲ್ಲದ ಎಲ್ಲಕ್ಕೂ ನಪುಂಸಕವನ್ನು ಬಳಸತೊಡಗಿತ್ತು. ಉರ್ದುವಿನಲ್ಲಿ ನಪುಂಸಕವಿಲ್ಲದುದರಿಂದ ಪುಲ್ಲಿಂಗದ ರೂಪವೇ ಆ ಸ್ಥಾನವನ್ನು ತುಂಬಿತ್ತು. ಶಿಷ್ಟ ಉರ್ದುವಿನಲ್ಲಿ ನದಿ ‘ಆಈ’ ಆದರೆ ಕುಪವಾಡದ ಉರ್ದುವಿನಲ್ಲಿ ನದಿ ‘ಆಯಾ’.

ಕನ್ನಡ ಮಕ್ಕಳಿಗೆ ಹಿಂದಿ ಕಲಿಸಿದ ಯಾವ ಉಪಾಧ್ಯಾಯರಿಗೂ ಈ ‘ಆಯಾ’ ಅಪರಿಚಿತವಲ್ಲ. ‘ಗಾಡೀ ಆಯಾ’ ಎಂದು ಬರೆದ ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಕೆಂಪು ಶಾಯಿಯ ಗುರುತು ಬೀಳುತ್ತದೆ; ಅಂಕವೂ ಹೋಗುತ್ತದೆ. ಪರೀಕ್ಷೆಯ ನಿಯಮದಂತೆ ಅದು ತಪ್ಪು. ತಿದ್ದುವುದು ಉಪಾಧ್ಯಾಯರ ಕರ್ತವ್ಯ. ಆದರೆ ಅದೇ ರೂಪವನ್ನು ಉರ್ದುವೇ ಮನೆಮಾತಾದ ಹಿರಿಯರು ತಲೆಮಾರುಗಳಿಂದ ಒಂದೇ ಕ್ರಮದಲ್ಲಿ ಆಡುತ್ತ ಬಂದಿರುವಾಗ ಅದನ್ನು ತಪ್ಪೆನ್ನುವುದು ಹೇಗೆ? ಮಗುವಿನ ಬಾಯಲ್ಲಿ ಅಜ್ಞಾನದಿಂದ ಬಂದುದೆಂದು ತೋರುವ ರೂಪವು ವಸ್ತುತಃ ಇನ್ನೊಂದು ವ್ಯಾಕರಣದ ಸುಸಂಬದ್ಧವಾದ ಪ್ರಯೋಗವಾಗಿರುತ್ತದೆ. ಇದನ್ನರಿತು ತಿದ್ದುವುದಕ್ಕೂ ಅರಿಯದೆ ಗದರಿಸುವುದಕ್ಕೂ ತರಗತಿಯಲ್ಲಿ ಬಹಳ ಅಂತರವಿದೆ.

ಕನ್ನಡವು ಕೊಟ್ಟುದು ಮಾತ್ರವೆಂದು ಹಿಗ್ಗಬೇಕಾಗಿಲ್ಲ, ಪಡೆದುದೂ ಉಂಟು. ‘ಇದು ನಿಮ್ಮ ಮನೆ’ ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದ ಬೇಡ. ಮರಾಠಿಯಲ್ಲಿ ‘ಹೇ ತುಮಚೇ ಘರ ಆಹೇ’, ಉರ್ದುವಿನಲ್ಲಿ ‘ಯೇ ತುಮ್ಹಾರಾ ಘರ್ ಹೈ’ ಎಂದು ಕೊನೆಗೊಂದು ಕ್ರಿಯೆ ಬರಲೇಬೇಕು. ಕುಪವಾಡದ ಕನ್ನಡಿಗನು ಇದೇ ಅಚ್ಚಿಗೆ ಸೇರಿಸಿ ವಾಕ್ಯದ ತುದಿಯಲ್ಲಿ ‘ಐತಿ’ ಎಂಬುದನ್ನು ಇಡುತ್ತಿದ್ದನು. ‘ನಾವು’ ಎಂಬ ಸರ್ವನಾಮದ್ದು ಇನ್ನೊಂದು ಕಥೆ. ಮರಾಠಿಯಲ್ಲಿ ಕೇಳುವವನನ್ನೂ ಸೇರಿಸಿಕೊಂಡ ನಾವು ‘ಆಪಣ’, ಅವನನ್ನು ಬಿಟ್ಟ ನಾವು ‘ಆಮ್ಹೀ’. ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಈ ಭೇದವುಂಟು. ಇಂದಿನ ಶಿಷ್ಟ ಕನ್ನಡದಲ್ಲಿ ಇಲ್ಲ. ಆರ್ಯಭಾಷೆಯಾದ ಮರಾಠಿಗೆ ಇದು ದ್ರಾವಿಡದಿಂದಲೇ ಬಂದಿರಬೇಕೆಂದು ವಿದ್ವಾಂಸರ ಅಭಿಪ್ರಾಯ. ಕುಪವಾಡದ ಉರ್ದುವು ಮರಾಠಿಯ ಮೇಲ್ಪಂಕ್ತಿಯಂತೆ ‘ಹಮ್’, ‘ಆಪುನ್’ ಎಂದು ಎರಡನ್ನು ಬೇರೆಮಾಡಿಕೊಂಡಿತ್ತು. ಒಂದು ಭಾಷಾಕುಲದ ಗುಣ ಎರಡನೆಯದನ್ನು ಹೊಕ್ಕು, ಅಲ್ಲಿಂದ ಮೂರನೆಯ ಮನೆಗೆ ನಡೆದುಬಂದ ಈ ಬಗೆ ರೋಚಕವಾಗಿದೆ.

ಇಷ್ಟೆಲ್ಲ ಒಂದಾದ ಮೇಲೆ ನಾಲ್ಕು ಭಾಷೆಗಳು ಒಂದೇ ಭಾಷೆಯಾಗಿ ಏಕೆ ಕರಗಿಹೋಗಲಿಲ್ಲ? ಕುಪವಾಡದ ಅಧ್ಯಯನದ ತಿರುಳಿರುವುದು ಈ ಪ್ರಶ್ನೆಯಲ್ಲಿ. ವಾಕ್ಯರಚನೆ ಒಂದಾಗಿದ್ದರೂ ಶಬ್ದಗಳನ್ನೂ ವಿಭಕ್ತಿ ಕ್ರಿಯಾಪ್ರತ್ಯಯಗಳನ್ನೂ ಊರಿನವರು ಬೇರೆಬೇರೆಯಾಗಿಯೇ ಕಾಪಾಡಿಕೊಂಡಿದ್ದರು. ಇದಕ್ಕೆ ಗಂಪರ್ಜ್ ಮತ್ತು ವಿಲ್ಸನ್ ಕೊಟ್ಟ ಸಮಾಧಾನವು ವ್ಯಾಕರಣದ ಒಳಗಿನದಲ್ಲ, ಮನೆಯ ಒಳಗಿನದು. ಅಡಿಗೆಮನೆಯೂ ಒಳಕೋಣೆಯೂ ತಮ್ಮ ತಮ್ಮ ಸಮುದಾಯಕ್ಕೆ ಮಾತ್ರ ಮೀಸಲಾಗಿದ್ದ ಸಮಾಜವದು. ಹೊರಗೆ ಎಷ್ಟೇ ಒಡನಾಟವಿದ್ದರೂ ಹೊಸ್ತಿಲು ದಾಟಿದ ಮೇಲೆ ಮನೆಯ ನುಡಿಯೇ ನಡೆಯಬೇಕು. ಜೈನರ ಮನೆಯ ಕನ್ನಡ, ಮುಸಲ್ಮಾನರ ಮನೆಯ ಉರ್ದು ಆಯಾ ಮನೆತನದ ಗುರುತಾಗಿ ಉಳಿದವು. ಬೀದಿಯ ಒಡನಾಟವು ಭಾಷೆಗಳನ್ನು ಹತ್ತಿರಕ್ಕೆ ಎಳೆಯಿತು. ಹೊಸ್ತಿಲು ಅವುಗಳನ್ನು ಬೇರೆಯಾಗಿ ನಿಲ್ಲಿಸಿತು. ಈ ಹೊಸ್ತಿಲಿನಲ್ಲಿ ಜಾತಿಯ ಕಟ್ಟೂ ಇತ್ತೆಂಬುದನ್ನು ಮರೆಮಾಚಲಾಗದು. ಭಾಷೆಗಳ ಬಾಳ್ವಿಕೆಯೆಂದು ಮೆಚ್ಚುವ ವಸ್ತುವಿನ ಅಡಿಪಾಯದಲ್ಲಿ ಸಹಪಂಕ್ತಿಯ ನಿಷೇಧವಿರುವುದು ಕಹಿಯಾದರೂ ನಿಜ.

ಸಮುದಾಯ ಸಮುದಾಯಗಳ ನಡುವಣ ಮಾತುಕತೆಗೆ ಊರಿನವರು ಆರಿಸಿಕೊಂಡ ಭಾಷೆ ಮರಾಠಿ. ಅದು ಆಡಳಿತದ, ಬರವಣಿಗೆಯ ಭಾಷೆಯಾಗಿತ್ತೆಂಬುದು ಒಂದು ಕಾರಣ. ಇನ್ನೊಂದು ಕಾರಣ ಇದಕ್ಕಿಂತ ಸೂಕ್ಷ್ಮವಾದುದು. ಊರಿನಲ್ಲಿ ಪ್ರಬಲರಾದ ಜೈನರಿಗಾಗಲಿ ಮುಸಲ್ಮಾನರಿಗಾಗಲಿ ಅದು ಮನೆಮಾತಾಗಿರಲಿಲ್ಲ. ಕನ್ನಡವನ್ನಾಡಿದರೆ ಜೈನರ ಕೈ ಮೇಲಾದಂತೆ, ಉರ್ದುವನ್ನಾಡಿದರೆ ಮುಸಲ್ಮಾನರ ಕೈ ಮೇಲಾದಂತೆ ತೋರುತ್ತಿತ್ತು. ಮರಾಠಿಯನ್ನಾಡಿದರೆ ಇಬ್ಬರಿಗೂ ಮಾನಭಂಗವಿಲ್ಲ. ಊರಿನ ಅತ್ಯಂತ ಬಡವರ ಮನೆಮಾತು ಎಲ್ಲರ ಸಭಾಭಾಷೆಯಾಗಲು ಆ ಬಡವರ ದೌರ್ಬಲ್ಯವೂ ಒಂದು ಕಾರಣವಾಯಿತೆಂಬುದು ವಿಚಿತ್ರವಾದ ನ್ಯಾಯ.

ಕುಪವಾಡವು ಒಂಟಿಯಾದ ಉದಾಹರಣೆಯಲ್ಲ. ಕರ್ನಾಟಕದ ಕರಾವಳಿಯ ಸಾರಸ್ವತರ ಕೊಂಕಣಿಯನ್ನು ಕುರಿತು ಮಂಗೇಶ ನಾಡಕರ್ಣಿಯವರು 1975ರಲ್ಲಿ ಪ್ರಕಟಿಸಿದ ಲೇಖನವೂ ಇಂಥದೇ. ‘ಯಾವ ಹುಡುಗ ಓದುತ್ತಾನೋ ಅವನು’ ಎಂಬಲ್ಲಿ ಕನ್ನಡವು ಪ್ರಶ್ನಾರ್ಥಕ ಶಬ್ದವನ್ನೂ ಕೊನೆಗೊಂದು ಪ್ರಶ್ನಾರ್ಥಕ ಅವ್ಯಯವನ್ನೂ ಬಳಸುತ್ತದೆ. ಆರ್ಯಭಾಷೆಗಳಲ್ಲಿ ಈ ಸ್ಥಾನಕ್ಕೆ ‘ಜೋ’ ಮೊದಲಾದ ಬೇರೆಯೇ ಸರ್ವನಾಮಗಳಿವೆ. ತಲೆಮಾರುಗಳಿಂದ ಕನ್ನಡವನ್ನು ಎರಡನೆಯ ಭಾಷೆಯಾಗಿ ಆಡುತ್ತ ಬಂದ ಈ ಕೊಂಕಣಿಗರು ಶಬ್ದಗಳನ್ನು ತಮ್ಮವಾಗಿಯೇ ಉಳಿಸಿಕೊಂಡು ವಾಕ್ಯದ ಬಂಧವನ್ನು ಕನ್ನಡದಂತೆ ಮಾಡಿಕೊಂಡಿದ್ದಾರೆ. ದಖ್ಖನಿ ಉರ್ದುವಿನಲ್ಲಿ ‘ಎಂದು’ ಎಂಬುದರ ಬದಲಿಗೆ ಬರುವ ‘ಬೋಲ್‌ಕೇ’, ಮರಾಠಿಯ ‘ಮ್ಹಣೂನ್’ ಇವೂ ಇದೇ ಗಾಳಿಯಲ್ಲಿ ಬೆಳೆದ ಪೈರುಗಳು.

ಕುಪವಾಡದ ಲೇಖನವು ಪ್ರಸಿದ್ಧವಾದಷ್ಟೂ ಅದರ ತೀರ್ಮಾನವನ್ನು ಪರೀಕ್ಷಿಸುವ ಅಗತ್ಯವೂ ಬೆಳೆಯಿತು. ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿಯವರು ಅದೇ ಊರಿಗೆ ಹೋಗಿ ಹೊಸದಾಗಿ ಸಾಮಗ್ರಿ ಸಂಗ್ರಹಿಸಿ, ನಾಲ್ವತ್ತು ವರ್ಷಗಳ ಬದಲಾವಣೆಯನ್ನು ಕುರಿತು 2015ರಲ್ಲಿ ಬರೆದರು. ಎಲ್ಲ ಭಾಷೆಗಳೂ ಒಂದೇ ಅಚ್ಚಿಗೆ ಇಳಿದಿವೆಯೆಂಬ ಹಿಂದಿನ ಮಾತು ಪೂರ್ಣವಾಗಿ ನಿಲ್ಲುವುದಿಲ್ಲ. ಆಡುವವರಿಂದ ಆಡುವವರಿಗೆ ವ್ಯತ್ಯಾಸವಿದೆ ಎಂಬುದನ್ನು ಅವರು ತೋರಿಸಿದರು. ಮೊದಲ ಅಧ್ಯಯನದ ಹಿರಿಮೆಗೆ ಇದರಿಂದ ಕುಂದಿಲ್ಲ. ಶಾಸ್ತ್ರವು ಮುಂದೆ ಸಾಗುವ ಕ್ರಮವೇ ಹೀಗೆ.

ಊರೂ ಮೊದಲಿನಂತಿಲ್ಲ. 1956ರಲ್ಲಿ ಭಾಷಾವಾರು ಪ್ರಾಂತಗಳಾದವು. 1960ರಲ್ಲಿ ಮಹಾರಾಷ್ಟ್ರ ರಾಜ್ಯವು ಸ್ಥಾಪಿತವಾಯಿತು. ಹಿಂದೆ ಎಲ್ಲರಿಗೂ ಸಮದೂರದಲ್ಲಿದ್ದ ಮರಾಠಿಯು ರಾಜ್ಯಭಾಷೆಯಾಗಿ, ಶಾಲೆ, ಕಚೇರಿ, ನೌಕರಿಗಳ ದಾರಿಯಾಯಿತು. ಕುಪವಾಡದ ಸುತ್ತ ಕೈಗಾರಿಕಾ ಪ್ರದೇಶವೆದ್ದಿತು. 1998ರಲ್ಲಿ ಊರು ಸಾಂಗ್ಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಯಲ್ಲಿ ಸೇರಿಹೋಯಿತು. ಕನ್ನಡಿಗನು ಮರಾಠಿಯನ್ನು ಕಲಿಯಲೇಬೇಕು. ಮರಾಠಿಗನಿಗೆ ಕನ್ನಡದ ಅವಶ್ಯಕತೆಯಿಲ್ಲ. ದ್ವಿಭಾಷಿಕತೆ ಎರಡೂ ಕಡೆಯಿಂದ ನಡೆಯುತ್ತಿದ್ದ ಕಾಲದಲ್ಲಿ ಭಾಷೆಗಳು ಒಂದರತ್ತ ಒಂದು ಸರಿದವು. ಅದು ಒಂದೇ ಕಡೆಯಿಂದ ನಡೆದಾಗ ಸರಿಯುವುದು ಒಂದೇ. ಗಡಿಯ ಈಚೆಗೆ ಬೆಳಗಾವಿ, ಖಾನಾಪುರ, ನಿಪ್ಪಾಣಿಗಳ ಮರಾಠಿ ಮನೆಗಳಲ್ಲಿಯೂ ಇದೇ ಚಿಂತೆ ಪಾತ್ರ ಬದಲಿಸಿಕೊಂಡು ನಿಂತಿದೆ.

ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಕರ್ನಾಟಕದ ಗಡಿ ತಾಲ್ಲೂಕುಗಳಲ್ಲಿ ಮರಾಠಿ ಮಾಧ್ಯಮದ ಶಾಲೆಗಳಿವೆ. ಶಾಲೆಗಳಲ್ಲಿ ಕನ್ನಡವನ್ನು ಕಲಿಸಲೇಬೇಕೆಂದು ಕರ್ನಾಟಕವು 2015ರಲ್ಲಿಯೂ, ಮರಾಠಿಯನ್ನು ಕಲಿಸಲೇಬೇಕೆಂದು ಮಹಾರಾಷ್ಟ್ರವು 2020ರಲ್ಲಿಯೂ ಕಾನೂನು ಮಾಡಿವೆ. ಈ ಶಾಲೆಗಳಿಗೆ ಬರುವ ಮಗುವು ಮನೆಯಲ್ಲಿ ಒಂದು, ಓಣಿಯಲ್ಲಿ ಒಂದು, ಸಂತೆಯಲ್ಲಿ ಮತ್ತೊಂದು ನುಡಿಯನ್ನಾಡಿಯೇ ಬಂದಿರುತ್ತದೆ. ದಾಖಲೆಯ ಪುಸ್ತಕದಲ್ಲಿ ಮಾತೃಭಾಷೆಗೆ ಇರುವ ಅಂಕಣ ಒಂದೇ. ಭಾರತದ ಜನಗಣತಿಯಲ್ಲಿ ಮಾತೃಭಾಷೆಯ ಜೊತೆಗೆ ತಿಳಿದಿರುವ ಇನ್ನೆರಡು ಭಾಷೆಗಳನ್ನು ಬರೆದುಕೊಳ್ಳುವ ಪದ್ಧತಿಯಿದೆ. ಕುಪವಾಡದಲ್ಲಿ ಹಗ್ಗ ಹೊಸೆಯುತ್ತಿದ್ದ ತೆಲುಗರ ಮನೆಯವನೊಬ್ಬನು ಕನ್ನಡ, ಮರಾಠಿ, ಉರ್ದು ಮೂರನ್ನೂ ಬಲ್ಲವನಾಗಿದ್ದರೆ, ಗಣತಿದಾರನು ಅವನ ನಾಲ್ಕನೆಯ ಭಾಷೆಯನ್ನು ಬರೆದುಕೊಳ್ಳಲು ಆ ನಮೂನೆಯಲ್ಲಿ ಸ್ಥಳವಿಲ್ಲ.